ತಪ್ಪು ನಮ್ಮದೇ

ಹೆಂಡತಿ: ಮತ್ತೆ ಕ್ಷಮೆ ಕೇಳಿದ್ರಿ.

ಗಂಡ: ಯಾವಾಗ?

ಹೆಂಡತಿ: ಈಗಷ್ಟೆ. ನಾನು ‘ಒಳಗೆ ಬನ್ನಿ’ ಅಂದೆ. ನೀವು ‘ನಿಮಗೆ ತೊಂದರೆ ಆಯ್ತು, ಕ್ಷಮಿಸಿ’ ಅಂದ್ಕೊಂಡು ಬಂದ್ರಿ. ಸಂದರ್ಶನಕ್ಕೆ ಬಂದವನು ಹೀಗಾ ಬರೋದು?

ಗಂಡ: ಹೌದಲ್ವಾ. ತಪ್ಪು ನಂದೇ. ಕ್ಷಮಿಸು.

ಹೆಂಡತಿ ಹಣೆ ಚಚ್ಚಿಕೊಂಡಳು. ಊಟದ ಮೇಜಿನ ಆಚೆ ಅವಳು, ಪಕ್ಕದಲ್ಲಿ ಅವಳ ತಮ್ಮ. ಈಚೆ ಟೈ ಕಟ್ಟಿಕೊಂಡು ಪೈಜಾಮದಲ್ಲಿ ಕೂತ ಗಂಡ. ಭಾನುವಾರದ ಮಧ್ಯಾಹ್ನದ ನಿದ್ದೆ ಬಿಟ್ಟು ಮೂವರೂ ಹೀಗೆ ಕೂರುವುದಕ್ಕೆ ಕಾರಣವಿತ್ತು. ಫ್ಯಾನು, ಹೀಟರು, ಇಸ್ತ್ರಿಪೆಟ್ಟಿಗೆ ಮಾಡುವ ಕಂಪನಿಯೊಂದರ ದೂರು ವಿಭಾಗದಲ್ಲಿ ಗಂಡನಿಗೆ ಕೆಲಸ. ವಿಭಾಗ ಎಂದರೆ ತಾನು, ಒಂದು ಮೇಜು, ಒಂದು ಟೆಲಿಫೋನು. ಆ ಮೇಜಾದರೂ ಎಲ್ಲಿ, ಆಫೀಸಿನ ಕೋಣೆಗಳ ನಡುವಿನ ಓಣಿಯಲ್ಲಿ. ಅವನ ನಂತರ ಸೇರಿದವರೆಲ್ಲ ಅದೇ ಓಣಿಯಲ್ಲಿ ನಡೆದು ಬಾಗಿಲಿರುವ ಕೋಣೆಗಳನ್ನು ಸೇರಿಕೊಂಡಿದ್ದರು. ನಾಳೆ ಶಾಖೆಯ ಮ್ಯಾನೇಜರ್ ಹುದ್ದೆಗೆ ಸಂದರ್ಶನ. ಈ ಸಲವೂ ತಪ್ಪಿದರೆ ನಿವೃತ್ತಿಯವರೆಗೆ ಓಣಿಯೇ ಗತಿ.

ಭಾವಮೈದುನ: ಅಕ್ಕ, ನೀನು ಸುಮ್ನಿರು. ನಾನು ಕೇಳ್ತೀನಿ.

ಈ ಭಾವಮೈದುನ ಸಂದರ್ಶನಗಳಲ್ಲಿ ಪಳಗಿದ ಹುಲಿ. ಹೋದ ಕಡೆಯಲ್ಲೆಲ್ಲ ಗೆದ್ದು ಬಂದವನು. ಸಿಕ್ಕ ಕೆಲಸದಲ್ಲಿ ನಿಲ್ಲುವುದೊಂದು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಸದ್ಯಕ್ಕೆ ಖಾಲಿ ಇದ್ದ.

ಭಾವಮೈದುನ: ನಿಮ್ಮಲ್ಲಿರೋ ದೊಡ್ಡ ದೋಷ ಯಾವುದು?

ಗಂಡ: ಯಾವಾಗ ಕೊಂಡಿದ್ದು?

ಭಾವಮೈದುನ: ಏನನ್ನ?

ಗಂಡ: ದೋಷ ಇದೆ ಅಂದ್ಯಲ್ಲ.

ಭಾವಮೈದುನ: ನಿಮ್ಮಲ್ಲಿ ಭಾವ, ನಿಮ್ಮಲ್ಲಿ. ನಿಮ್ಮ ಸ್ವಭಾವದಲ್ಲಿ.

ಗಂಡ: ಓ, ಅದಾ. ಬೇಕಾದಷ್ಟಿದೆ. ಮರೆವು. ಸೋಮಾರಿತನ ಸ್ವಲ್ಪ. ಊಟ ಆದ ಮೇಲೆ ತೂಕಡಿಕೆ. ಯಾರಾದ್ರೂ ಜೋರು ಮಾಡಿದ್ರೆ ಎದುರು ಮಾತು ಬರಲ್ಲ…

ಹೆಂಡತಿ: ಸಾಕು. ಇಷ್ಟೆಲ್ಲ ಗೊತ್ತಿದ್ದಿದ್ರೆ ನಾನೇ ಮದುವೆಗೆ ಒಪ್ತಿರ್ಲಿಲ್ಲ.

ಭಾವಮೈದುನ: ಭಾವ, ಅಲ್ಲಿ ಹೇಳಬೇಕಾದ್ದು ಒಂದೇ. ‘ಅತಿಯಾಗಿ ದುಡಿಯೋದೇ ನನ್ನ ದೋಷ.’

ಗಂಡ: ಅದು ಸುಳ್ಳಲ್ವಾ?

ಭಾವಮೈದುನ: ಸಂದರ್ಶನ ಭಾವ, ಕೋರ್ಟಲ್ಲ. ಸರಿ, ಮುಂದಿನದು. ಇಷ್ಟು ವರ್ಷ ಒಂದೇ ಕುರ್ಚಿಗೆ ಅಂಟಿಕೊಂಡಿದ್ರಿ, ಯಾಕೆ?

ಗಂಡ: ನೀವು ಕೇಳ್ತಿರೋದು ನ್ಯಾಯವಾಗಿದೆ. ಇಂಥ ಅನುಭವ ನಿಮಗಾಗಬಾರದಿತ್ತು. ತಪ್ಪು ನಮ್ಮದೇ.

ಮೇಜಿನ ಮೇಲಿದ್ದ ನೀರಿನ ಜಗ್ಗು ಕುಣಿಯುವಂತೆ ಹೆಂಡತಿ ಕುಟ್ಟಿದಳು.

ಹೆಂಡತಿ: ಮದುವೆಯಾದಾಗಿಂದ ನಾನು ಒಂದೇ ಒಂದು ಜಗಳ ಗೆದ್ದಿಲ್ಲ. ನಾನು ಶುರು ಮಾಡೋ ಮೊದಲೇ ಈ ಮನುಷ್ಯ ಸೋತುಬಿಡ್ತಾರೆ. ಇನ್ನೇನು ಗೆಲ್ಲೋದು?

ಭಾವಮೈದುನ: ಅಲ್ಲ ಭಾವ, ಆ ಆಫೀಸಲ್ಲಿ ನಿಮಗೆ ಅಂತ ಏನಾದ್ರೂ ಅಧಿಕಾರ ಇದೆಯಾ? ಸಂದರ್ಶನದಲ್ಲಿ ಹೇಳ್ಕೊಳ್ಳೋಕೆ?

ಗಂಡ: ಇದೆ, ಒಂದು. ದೂರಿನ ಮೇಜಿನಿಂದ ‘ಬದಲಿಸಿ ಕೊಡ್ತೀವಿ’ ಅಂತ ಬಾಯಿಂದ ಬಂತು ಅಂದ್ರೆ ಮುಗೀತು. ಕಂಪನಿ ಯಜಮಾನರೂ ಇಲ್ಲ ಅನ್ನೋ ಹಾಗಿಲ್ಲ. ಅವರ ತಂದೆ ಕಾಲದ ಕಟ್ಟಳೆ.

ಹೆಂಡತಿ: ಊರವರ ಫ್ಯಾನೆಲ್ಲ ಬದಲಾಯಿಸಿ ಕೊಟ್ರಿ. ನಿಮ್ಮ ಕುರ್ಚಿ ಮಾತ್ರ ಹಾಗೇ ಇದೆ.

ಗಂಡ ಟೈ ಸಡಿಲಿಸಿಕೊಂಡ. ಮೊನ್ನೆ ನಡೆದದ್ದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ. ಅವನೇ ಕೈಹಿಡಿದು ಕೆಲಸ ಕಲಿಸಿದ್ದ ಶಿಷ್ಯ, ಈಗ ಅವನಿಗಿಂತ ಮೇಲಿನವನು, ಓಣಿಯಲ್ಲಿ ಬರುತ್ತ ತನ್ನ ಒದ್ದೆ ಕೊಡೆಯನ್ನು ಅವನ ಮೇಜಿಗೆ ಒರಗಿಸಿ ಹೋಗಿದ್ದ. ಬೇಕೆಂದು ಮಾಡಿದ್ದಲ್ಲ. ಅಲ್ಲೊಬ್ಬ ಮನುಷ್ಯ ಕೂತಿದ್ದಾನೆ ಎಂಬುದು ಅವನಿಗೆ ಹೊಳೆದಿರಲಿಲ್ಲ, ಅಷ್ಟೆ. ಗಂಡನಿಗೆ ಆ ದಿನವೆಲ್ಲ ಊಟ ಸೇರಿರಲಿಲ್ಲ. ಈಗ ಮೆಲ್ಲಗೆ ಹೇಳಿದ.

ಗಂಡ: ನನಗೂ ಒಂದು ಬಾಗಿಲು ಬೇಕು ಕಣೇ. ತೆರೆದು ಮುಚ್ಚೋಕೆ. ಕೊಡೆ ಹಿಡ್ಕೊಂಡು ಬಂದೋರು ಹೊರಗೇ ನಿಂತು ತಟ್ಟಬೇಕು.

ಕೊಡೆಯ ಸಂಗತಿ ಪೂರ್ತಿ ಕೇಳಿದ ಮೇಲೆ ಹೆಂಡತಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

ಹೆಂಡತಿ: ಹಾಗಾದ್ರೆ ಕೇಳಿ. ಇವತ್ತಿಂದ ‘ತಪ್ಪು ನಮ್ಮದೇ’ ಅನ್ನೋ ಮಾತು ಈ ಮನೇಲಿ ಬಂದ್. ನಿಮ್ಮ ಬಾಯಲ್ಲಿ ಇರಬೇಕಾದ್ದು ಮೂರೇ ಮಾತು. ಇಲ್ಲ. ಹಾಗೇನೂ ಆಗಿಲ್ಲ. ಎಲ್ಲ ಸರಿಯಾಗಿದೆ. ಹೇಳಿ.

ಗಂಡ: ಇಲ್ಲ. ಹಾಗೇನೂ ಆಗಿಲ್ಲ… ಅಲ್ಲ, ನಿಜವಾಗ್ಲೂ ಆಗಿದ್ರೆ?

ಭಾವಮೈದುನ: ಆಗಿದ್ರೆ ಇನ್ನೂ ಗಟ್ಟಿಯಾಗಿ ಹೇಳಬೇಕು. ನೋಡಿ, ನಾನು ಗಿರಾಕಿ. ನಿಮ್ಮ ಫ್ಯಾನು ತಿರುಗ್ತಿಲ್ಲ.

ಗಂಡ: ಇಲ್ಲ. ತಿರುಗ್ತಿದೆ.

ಭಾವಮೈದುನ: ನಿಂತಿದೆ. ನಾನು ಬೆವರ್ತಾ ಕೂತಿದೀನಿ.

ಗಂಡ: ಹಾಗೇನೂ ಆಗಿಲ್ಲ. ನೀವು ಬೆವರ್ತಿಲ್ಲ.

ಭಾವಮೈದುನ: ಭೇಷ್. ನಿಮ್ಮ ಹೀಟರು ಹೊಗೆ ಬಿಡ್ತಿದೆ.

ಗಂಡ: ಎಲ್ಲ ಸರಿಯಾಗಿದೆ. ಹೀಟರು ಅಂದ್ರೆ ಸ್ವಲ್ಪ ಬೆಚ್ಚಗಿರುತ್ತೆ.

ಜೀವನದಲ್ಲಿ ಮೊದಲ ಬಾರಿಗೆ ಇಲ್ಲ ಎಂದವನಿಗೆ ಅದರ ರುಚಿ ಹತ್ತಿತು. ಬೆನ್ನು ನೆಟ್ಟಗಾಯಿತು, ದನಿ ಏರಿತು. ಭಾವಮೈದುನ ಸುಸ್ತಾದರೂ ಅವನು ಬಿಡಲಿಲ್ಲ.

ಹೆಂಡತಿ: ಹೋದ ತಿಂಗಳು ನನ್ನ ಹುಟ್ಟಿದ ದಿನ ಮರೆತ್ರಿ.

ಗಂಡ: ಇಲ್ಲ. ಹಾಗೇನೂ ಆಗಿಲ್ಲ.

ಹೆಂಡತಿ: ಇದು ಅಭ್ಯಾಸಕ್ಕೆ ಕೇಳಿದ್ದಲ್ಲ. ನಿಜವಾಗ್ಲೂ ಮರೆತ್ರಿ.

ಗಂಡ: ಎಲ್ಲ ಸರಿಯಾಗಿದೆ.

ಹೆಂಡತಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಯಜಮಾನರ ಹೆಸರು ಕಂಡು ಗಂಡ ಎದ್ದು ನಿಂತ. ಭಾವಮೈದುನ ಸ್ಪೀಕರ್ ಒತ್ತಿದ.

ಯಜಮಾನರು: ಭಾನುವಾರ ತೊಂದರೆ ಕೊಟ್ಟೆನಾ?

ಗಂಡ: ಇಲ್ಲ ಸಾರ್. ಹಾಗೇನೂ ಆಗಿಲ್ಲ.

ಯಜಮಾನರು: ನಾಳೆ ಸಂದರ್ಶನದ ಬಗ್ಗೆ ಯೋಚನೆ ಮಾಡ್ತಿದ್ದೆ. ನಿಮ್ಮ ವಿಷಯದಲ್ಲಿ ನಮ್ಮಿಂದ ತಪ್ಪಾಗಿದೆ ಅಂತ ಅನ್ನಿಸ್ತು.

ಗಂಡ: ಇಲ್ಲ ಸಾರ್. ಹಾಗೇನೂ ಆಗಿಲ್ಲ.

ಹೆಂಡತಿ ಬೇಡ ಬೇಡವೆಂದು ಕೈಯಾಡಿಸಿದಳು. ಗಂಡ ಅದನ್ನು ಹುರಿದುಂಬಿಸುವುದೆಂದು ತಿಳಿದ.

ಯಜಮಾನರು: ಇಷ್ಟು ಹಿರಿಯರನ್ನ ಓಣಿಯಲ್ಲಿ ಕೂರಿಸಿದ್ದು ಸರಿಯಲ್ಲ.

ಗಂಡ: ಎಲ್ಲ ಸರಿಯಾಗಿದೆ ಸಾರ್.

ಯಜಮಾನರು: ಹಾಗಂತೀರಾ? ನಿಮಗೆ ಬೇಜಾರಿದೆ ಅಂದ್ಕೊಂಡಿದ್ದೆ. ಸಂದರ್ಶನಾನೂ ಬೇಡ, ಶಾಖೆ ನಿಮಗೇ ವಹಿಸಿಬಿಡೋಣ ಅಂತಿದ್ದೆ. ನೀವು ಇದ್ದಲ್ಲೇ ಸುಖವಾಗಿದೀರಿ ಅಂದ್ರೆ ಸರಿ ಬಿಡಿ, ನಿಮ್ಮ ಶಿಷ್ಯನಿಗೇ…

ಗಂಡನಿಗೆ ಈಗ ತಲೆಗೆ ಹೋಯಿತು. ಬಾಯಿ ತೆರೆದರೆ ನಾಲಗೆಗೆ ಬಂದದ್ದು ಮತ್ತದೇ ಮೂರು ಮಾತು. ಕೈಗೆ ಬಂದ ಬಾಗಿಲನ್ನು ತಾನೇ ಮುಚ್ಚಿದ್ದ. ಅಷ್ಟರಲ್ಲಿ ಹೆಂಡತಿ ಫೋನು ಕಿತ್ತುಕೊಂಡಳು.

ಹೆಂಡತಿ: ನಮಸ್ಕಾರ. ನಾನೊಂದು ದೂರು ಕೊಡಬೇಕಿತ್ತು.

ಯಜಮಾನರು: ಇವತ್ತು ರಜಾ ಅಮ್ಮ.

ಹೆಂಡತಿ: ‘ಯಾವಾಗ ಬೇಕಾದ್ರೂ ದೂರು ಕೊಡಿ’ ಅಂತ ನಿಮ್ಮ ಇಸ್ತ್ರಿಪೆಟ್ಟಿಗೆ ಡಬ್ಬದ ಮೇಲೆ ಅಚ್ಚು ಹಾಕಿಸಿದೀರಿ.

ಯಜಮಾನರು: ಅದೂ ಸರಿ. ಏನು ಕೆಟ್ಟಿದೆ?

ಹೆಂಡತಿ: ಕುರ್ಚಿ.

ಯಜಮಾನರು: ನಾವು ಕುರ್ಚಿ ಮಾಡಲ್ವಲ್ಲಮ್ಮ.

ಹೆಂಡತಿ: ನನ್ನ ಗಂಡ ಕೂರೋ ಕುರ್ಚಿ. ನಿಮ್ಮ ಕಂಪನೀದೇ. ಹಾಕಿದ ಕಡೆಯಿಂದ ಒಂದಿಂಚು ಕದಲಿಲ್ಲ. ಜನ ಅದರ ಮುಂದಿನ ಮೇಜಿಗೆ ಕೊಡೆ ಒರಗಿಸಿ ಹೋಗ್ತಾರೆ.

ಯಜಮಾನರು: ರಿಪೇರಿ ಮಾಡಿಸಿಕೊಡೋಣ.

ಹೆಂಡತಿ: ರಿಪೇರಿ ಬೇಡ. ಬದಲಿಸಿ ಕೊಡಿ. ಬಾಗಿಲಿರೋ ಕೋಣೆಯೊಳಗಿನದು ಬೇಕು.

ಭಾವಮೈದುನ ಉಗುರು ಕಚ್ಚತೊಡಗಿದ. ಆ ಕಡೆಯ ದನಿಯಲ್ಲಿ ನಗು ಬೆರೆತಿತ್ತು.

ಯಜಮಾನರು: ದೂರು ಅಂದ ಮೇಲೆ ನಾನು ಬಾಯಿ ಹಾಕೋ ಹಾಗಿಲ್ಲ. ಅಪ್ಪ ಮಾಡಿದ ಕಟ್ಟಳೆ. ತೀರ್ಮಾನ ದೂರು ವಿಭಾಗದವರದು. ಅವರಿಗೆ ಫೋನು ಕೊಡಿ.

ಹೆಂಡತಿ ಫೋನನ್ನು ಗಂಡನ ಎದುರು ಮೇಜಿನ ಮೇಲಿಟ್ಟು, ಕೈಕಟ್ಟಿ ನಿಂತಳು. ಗಂಡ ಬೆವರು ಒರೆಸಿಕೊಂಡು ಕೂತ. ಎದುರಿಗೊಬ್ಬ ಗಿರಾಕಿ ನಿಂತದ್ದೇ ತಡ, ದೂರಿನ ಮೇಜಿನ ಮಾತು ತಾನಾಗಿ ಬಾಯಿಗೆ ಬಂತು.

ಗಂಡ: ಹೇಳಿ ಅಮ್ಮ, ಯಾವಾಗಿಂದ ಈ ತೊಂದರೆ?

ಹೆಂಡತಿ: ಮದುವೆಯಾದಾಗಿಂದ.

ಗಂಡ: ಇಷ್ಟು ದಿನ ಯಾಕೆ ದೂರು ಕೊಡಲಿಲ್ಲ?

ಹೆಂಡತಿ: ಬಾಯಿ ತೆಗೆದಾಗಲೆಲ್ಲ ನೀವು ಕ್ಷಮೆ ಕೇಳಿ ಕೂರಿಸ್ತಿದ್ರಿ.

ಗಂಡ ಅವಳ ಮುಖ ನೋಡಿದ. ಇಷ್ಟು ವರ್ಷದಲ್ಲಿ ಸಾವಿರಾರು ಜನರಿಗೆ ಹೇಳಿದ ಮಾತು. ಇವಳಿಗೆ ಮಾತ್ರ ಎದ್ದು ನಿಂತು ಹೇಳಿದ.

ಗಂಡ: ತಪ್ಪು ನಮ್ಮದೇ ಅಮ್ಮ. ಬದಲಿಸಿ ಕೊಡ್ತೀವಿ.

ಯಜಮಾನರು: ಮುಗೀತು. ನಾಳೆಯಿಂದ ನೀವೇ ಮ್ಯಾನೇಜರ್, ಒಳಗಿನ ಕೋಣೆ. ಆದ್ರೆ ಆ ದೂರಿನ ಮೇಜಿಗೆ ಯಾರನ್ನ ಕೂರಿಸೋದು? ನಿಮ್ಮ ಮನೆಯವರು ಬರ್ತಾರಾ?

ಗಂಡ: ಅವಳು ಬೇಡ ಸಾರ್. ಅವಳಿಗೆ ಕ್ಷಮೆ ಕೇಳಿ ಅಭ್ಯಾಸ ಇಲ್ಲ.

ಫೋನು ಆರಿಸಿ ತಲೆಯೆತ್ತಿದಾಗ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಭಾವಮೈದುನ ಜಾಣ, ಆಗಲೇ ಚಪ್ಪಲಿ ಹುಡುಕುತ್ತಿದ್ದ.

ಹೆಂಡತಿ: ಯಜಮಾನರ ಹತ್ರ ನನ್ನ ಮಾನ ತೆಗೆದ್ರಲ್ಲ?

ಮ್ಯಾನೇಜರು ಟೈ ಬಿಗಿಮಾಡಿಕೊಂಡರು.

ಗಂಡ: ಇಲ್ಲ. ಹಾಗೇನೂ ಆಗಿಲ್ಲ. ಎಲ್ಲ ಸರಿಯಾಗಿದೆ.