ಫಿಲ್ಟರ್ ಯಾವುದರಲ್ಲಿ ತೊಳೆಯಬೇಕೆಂದು ನನ್ನನ್ನು ಯಾರೂ ಕೇಳುವುದಿಲ್ಲ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬರೆದು ಅಭ್ಯಾಸವಿಲ್ಲ. ಸರ್ವಿಸ್ ರಿಪೋರ್ಟ್ ಬಿಟ್ಟು ಬೇರೇನೂ ಬರೆದವನಲ್ಲ. ಅದರಲ್ಲೂ ‘ಪಂಪು ಸರಿ ಇದೆ, ಫಿಲ್ಟರ್ ಹಾಳಾಗಿದೆ, ಪಾರ್ಟಿಗೆ ತಿಳಿಸಲಾಗಿದೆ’ ಎನ್ನುವ ಮೂರೇ ಮಾತು. ಹಾಗಾಗಿ ಇದನ್ನು ಹಿಂದು ಮುಂದಾಗಿ ಹೇಳಿ ಕೆಡಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಇಂಥವು ನನಗೆ ತಿಂಗಳಿಗೊಂದಾದರೂ ಆಗುತ್ತವೆ, ಪ್ರತಿ ಸಲವೂ ಸಿಟ್ಟು ಬರುತ್ತದೆ. ಮನೆಗೆ ಬಂದು ಕೂಗಾಡುತ್ತಿದ್ದೆ. ಕೇಳಿ ಕೇಳಿ ಸಾಕಾದ ನನ್ನ ಹೆಂಡತಿ, “ನನ್ನ ಹತ್ರ ಯಾಕ್ ಹೇಳ್ತೀರಿ, ಬರ್ದಿಡಿ. ಪೇಪರ್ರು ನನಗಿಂತ ತಾಳ್ಮೆಯದು” ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಕೆಲವು ವಿಷಯ ಮೊದಲು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಶಿರಾ ಗೇಟ್ ಹತ್ತಿರದ ಒಂದು ಬಾತ್‌ರೂಮ್ ಸಾಮಾನಿನ ಅಂಗಡಿಯಲ್ಲಿ ನಾನು ಸರ್ವಿಸ್ ಕೆಲಸಕ್ಕಿದ್ದೇನೆ. ನಮ್ಮ ಅಂಗಡಿಯಿಂದ ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಆರು ಹಾಟ್ ಟಬ್ ಹೋಗಿವೆ. ಹಾಟ್ ಟಬ್ ಅಂದರೆ ನಾಲ್ಕೈದು ಜನ ಕೂರಬಹುದಾದ ತೊಟ್ಟಿ. ಬಿಸಿನೀರು ಇರುತ್ತದೆ, ಒಳಗಿನಿಂದ ಗುಳ್ಳೆ ಏಳುತ್ತಿರುತ್ತದೆ. ನಮ್ಮ ಕಡೆ ಅದಕ್ಕೆ ಗುಳ್ಳೆ ತೊಟ್ಟಿ ಅಂತಲೇ ಹೆಸರು. ಒಬ್ಬರು ಕೂತೆದ್ದ ನೀರನ್ನು ಪ್ರತಿ ಸಲ ಚೆಲ್ಲುವುದಿಲ್ಲ. ಅದೇ ನೀರು ಒಂದು ಫಿಲ್ಟರ್ ಒಳಗೆ ಹಾದು ಮತ್ತೆ ಬರುತ್ತದೆ. ಫಿಲ್ಟರ್ ಅಂದರೆ ಮೊಳದುದ್ದದ ಬಿಳಿ ಉರುಳೆ. ಸೀರೆ ನೆರಿಗೆ ಹಿಡಿದ ಹಾಗೆ ಸುತ್ತಲೂ ಬಟ್ಟೆಯ ನೆರಿಗೆ. ಕೊಳೆಯೆಲ್ಲ ಆ ನೆರಿಗೆಯಲ್ಲಿ ಕೂರುತ್ತದೆ.

ಅದನ್ನು ತೊಳೆಯಲು ಎರಡು ಕ್ಯಾನು ಇವೆ. ಸೋಡಾ ಕ್ಯಾನು (ಕುಡಿಯುವ ಸೋಡಾ ಅಲ್ಲ, ಒಗೆಯುವ ಸೋಡಾ) ಮೈಯೆಣ್ಣೆ, ಜಿಡ್ಡು ತೆಗೆಯುತ್ತದೆ. ಆಸಿಡ್ ಕ್ಯಾನು ಬೋರ್‌ವೆಲ್ ನೀರಿನ ಬಿಳಿ ಸುಣ್ಣ ತೆಗೆಯುತ್ತದೆ. ಮೊದಲು ಸೋಡಾ, ಆಮೇಲೆ ಚೆನ್ನಾಗಿ ನೀರು, ಆಮೇಲೆ ಆಸಿಡ್. ಮೊದಲೇ ಆಸಿಡ್ ಹಾಕಿದರೆ ಜಿಡ್ಡು ನೆರಿಗೆಯಲ್ಲೇ ಹಿಡಿದುಕೊಂಡುಬಿಡುತ್ತದೆ, ಆಮೇಲೆ ಏನು ಮಾಡಿದರೂ ಬಿಡುವುದಿಲ್ಲ. ಇಷ್ಟೇ ವಿದ್ಯೆ. ಇದನ್ನು ನಾನು ಬೆಂಗಳೂರಿನಲ್ಲಿ ಮೂರು ದಿನ ಕೂತು ಕಲಿತಿದ್ದೇನೆ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದ್ದೇನೆ.

ಈ ವರ್ಷ ಮೂರು ಫಿಲ್ಟರ್ ಹಾಳಾದವು. ಅಂಗಡಿ ಓನರ್ರು ಎಲ್ಲರ ಮುಂದೆ, “ನಾಲ್ಕನೇದು ಹೋದ್ರೆ ಟಬ್ ಕೆಲಸ ಬಿಟ್ಟು ಕೌಂಟರ್‌ಗೆ ಬಾ, ನಲ್ಲಿ ತೋರಿಸ್ಕೊಂಡಿರು” ಅಂದರು. ಹದಿನೆಂಟು ವರ್ಷ ರಿಪೇರಿ ಮಾಡಿದ ಕೈಯಲ್ಲಿ ‘ಇದು ಸ್ಟೀಲು ಮೇಡಂ, ಇದು ಹಿತ್ತಾಳೆ ಮೇಡಂ’ ಅಂತ ನಲ್ಲಿ ತಿರುಗಿಸಬೇಕು. ಆ ಮೂರನ್ನು ಹಾಳು ಮಾಡಿದ್ದು ನಾನಲ್ಲ. ಯಾರು ಅಂತ ಒಂದೊಂದಾಗಿ ಹೇಳುತ್ತೇನೆ.

೧. ಗುಬ್ಬಿಯ ನೊರೆ

ಗುಬ್ಬಿ ಹತ್ತಿರ ಒಂದು ಹೋಮ್‌ಸ್ಟೇ ಇದೆ. ಅದನ್ನು ನೋಡಿಕೊಳ್ಳುವ ಅಕ್ಕ ತುಂಬಾ ಚೊಕ್ಕಟ. ಅವರ ಚೊಕ್ಕಟವೇ ನನಗೆ ಶತ್ರು. ನಾನು ಎರಡೂ ಕ್ಯಾನು ಕೊಟ್ಟು, ಮೇಲೆ ದೊಡ್ಡದಾಗಿ ೧, ೨ ಅಂತ ಬರೆದು ಬಂದಿದ್ದೆ. ಒಂದು ದಿನ ಫೋನು, ಬಂದು ನೋಡಿ ಅಂತ. ಹೋದರೆ ತೊಟ್ಟಿ ಕಾಣುತ್ತಿಲ್ಲ. ತೊಟ್ಟಿ ಇದ್ದ ಜಾಗದಲ್ಲಿ ಆಳೆತ್ತರದ ನೊರೆ.

ಆ ಅಕ್ಕ ಮಹಡಿಯ ಮೇಲೆ ಸಂಡಿಗೆ ಒಣಹಾಕಿ, ಕೋತಿ ಬಾರದ ಹಾಗೆ ಕೋಲು ಹಿಡಿದು ಕೂತಿದ್ದರು. ಅಲ್ಲಿಂದಲೇ ಹೇಳಿದರು: “ಫಿಲ್ಟರ್ ನಾನೇ ತೊಳ್ದೆ ಕಣಣ್ಣ. ಪಾತ್ರೆ ತೊಳೆಯೋ ಸೋಪ್ ಹಾಕಿ, ತೆಂಗಿನ ನಾರಲ್ಲಿ ಗಸಗಸ ಉಜ್ದೆ. ಹೆಂಗ್ ಹೊಳೀತಿತ್ತು ಗೊತ್ತಾ?”

“ಕ್ಯಾನು ಕೊಟ್ಟಿದ್ನಲ್ಲಕ್ಕ.”

“ಅದು ಘಾಟು. ಅಲ್ದೆ ನಂಬರ್ ಬೇರೆ ಹಾಕಿದೀಯ. ಒಂದು ಅಂದ್ರೆ ಒಂದು ಸಲ, ಎರಡು ಅಂದ್ರೆ ಎರಡು ಸಲವೋ ಏನೋ, ಯಾರಿಗ್ ಗೊತ್ತು. ಸೋಪಾದ್ರೆ ನಮ್ಮದೇ.”

ನೆರಿಗೆಯಲ್ಲಿ ಉಳಿದ ಸೋಪು ಗಾಳಿ ಪಂಪು ಶುರುವಾದ ಕೂಡಲೇ ನೊರೆಯಾಗಿದೆ. ಇದು ಸಹಜ, ಪಾತ್ರೆ ಸೋಪು ಇರುವುದೇ ಅದಕ್ಕೆ. ಉಜ್ಜಿದ ರಭಸಕ್ಕೆ ನೆರಿಗೆ ಹರಿದು ಹಿಂಜಿದ ಹತ್ತಿಯ ಹಾಗಾಗಿತ್ತು. ಹೋಮ್‌ಸ್ಟೇ ಓನರ್ ಬಂದರು. ಬೈಯುತ್ತಾರೆ, ಬೈದರೆ ತಿರುಗಿ ನಾಲ್ಕು ಮಾತಾಡೋಣ ಅಂತ ಸಿದ್ಧನಾಗಿ ನಿಂತಿದ್ದೆ. ಅವರು ಮೊಬೈಲಿನಲ್ಲಿ ನೊರೆಯ ಇನ್ನೊಂದು ಫೋಟೋ ತೆಗೆದುಕೊಂಡು ಕೇಳಿದರು: “ಇದಕ್ಕಿಂತ ಜಾಸ್ತಿ ನೊರೆ ಬರೋ ಸೋಪ್ ಯಾವ್ದು ಹೇಳಿ. ಬರೋ ಭಾನುವಾರದ ಪಾರ್ಟಿಯೋರು ಸ್ಟೇಟಸ್ ನೋಡಿ ಇದೇ ಬೇಕು ಅಂತವ್ರೆ.”

೨. ನಿಟ್ಟೂರಿನ ಶನಿವಾರ

ನಿಟ್ಟೂರಿನಲ್ಲಿ ಒಬ್ಬರು ರಿಟೈರ್ಡ್ ಹೆಡ್‌ಮಾಸ್ಟರ್ ಮಂಡಿನೋವಿಗೆ ಅಂತ ಟಬ್ ಹಾಕಿಸಿಕೊಂಡಿದ್ದಾರೆ. ತಿಂಗಳಿಗೆ ನಾಲ್ಕು ಸಲ ಫಿಲ್ಟರ್ ಕಟ್ಟಿಕೊಳ್ಳುತ್ತಿತ್ತು. ನಾಲ್ಕು ಸಲ ಯಾಕೆ ಅಂತ ನನಗೆ ಹೊಳೆಯಲೇ ಇಲ್ಲ. ಒಂದು ಶನಿವಾರ ಹೇಳದೆ ಹೋದಾಗ ಗೊತ್ತಾಯಿತು. ಮೇಷ್ಟ್ರು ತಲೆಯಿಂದ ಕಾಲಿನವರೆಗೆ ಹರಳೆಣ್ಣೆ ಹಚ್ಚಿಕೊಂಡು, ಮಿರಮಿರ ಮಿಂಚುತ್ತಾ ತೊಟ್ಟಿಯಲ್ಲಿ ಕೂತಿದ್ದರು.

“ಎಣ್ಣೆ ಹಚ್ಕೊಂಡು ಇದರೊಳಗೆ ಕೂರಬಾರದು ಸಾರ್.”

“ಬಿಸಿನೀರು ಇರೋದು ಯಾಕಪ್ಪ ಮತ್ತೆ?”

ನನ್ನ ಮೂರು ದಿನದ ಟ್ರೈನಿಂಗಿನಲ್ಲಿ ಹರಳೆಣ್ಣೆಯ ಹೆಸರೇ ಬಂದಿರಲಿಲ್ಲ. ಸೋಡಾ ನೀರಿನಲ್ಲಿ ರಾತ್ರಿಯಿಡೀ ಫಿಲ್ಟರ್ ನೆನೆಸಿ ಅಂತ ಎರಡು ಸಲ ವಿವರಿಸಿ, ಚೀಟಿಯಲ್ಲೂ ಬರೆದು ಕೊಟ್ಟೆ. ಮುಂದಿನ ವಾರ ಹೋದರೆ ನೆರಿಗೆ ತುಂಬಾ ಕಂದು ಬಣ್ಣದ ಕೆಸರು. ಸೀಗೆಪುಡಿ.

“ಮೂವತ್ತೆರಡು ವರ್ಷ ವಿಜ್ಞಾನ ಪಾಠ ಮಾಡಿದೀನಿ. ಎಣ್ಣೆ ಹೋಗೋದು ಸೀಗೇಲಿ” ಅಂದರು ಮೇಷ್ಟ್ರು.

“ಅದು ತಲೆಗೆ ಸಾರ್. ಪುಡಿ ನೆರಿಗೆ ಒಳಗೆ ಕೂತು ಗಟ್ಟಿಯಾಗಿದೆ. ನೀರು ಹೋಗೋ ತೂತೇ ಉಳಿದಿಲ್ಲ.”

ಫಿಲ್ಟರ್ ಹಾಳಾಯಿತು ಅಂತ ನಾನು ಸಿಟ್ಟಿನಲ್ಲಿ ಅದನ್ನು ಅವರ ಮುಂದೆ ಕುಟ್ಟಿದೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು, ಫಿಲ್ಟರ್ ಕೈಗೆ ತೆಗೆದುಕೊಂಡು, ನಿಧಾನವಾಗಿ ಸವರಿ ನೋಡಿದರು.

“ಹಾಳಾಗಿರ್ಬೋದು. ಆದ್ರೆ ಎಷ್ಟು ನುಣ್ಣಗಾಗಿದೆ ನೋಡು.”

೩. ತುಮಕೂರಿನ ಮೂರನೆಯದು

ಇದನ್ನು ಬರೆಯಬೇಕೋ ಬೇಡವೋ ಗೊತ್ತಿಲ್ಲ. ನಮ್ಮ ಓನರ್ರು ಓದಿದರೆ ಕಷ್ಟ. ಆದರೆ ಬರೆಯದಿದ್ದರೆ ಲೆಕ್ಕ ಎರಡಕ್ಕೇ ನಿಂತು, ಮೂರನೆಯದನ್ನು ನಾನೇ ಹಾಳು ಮಾಡಿದೆ ಅಂತ ಆಗುತ್ತದೆ.

ತುಮಕೂರಿನಲ್ಲೇ ಒಬ್ಬ ಕಂಟ್ರಾಕ್ಟರ್ ಮನೆ. ಬೋರ್ ನೀರು ಗಡಸು, ಫಿಲ್ಟರ್ ಮೇಲೆ ಸುಣ್ಣ ಕಟ್ಟಿತ್ತು. ಅವರು ಸೋಡಾ ಮುಟ್ಟದೆ ನೇರವಾಗಿ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದಿದ್ದಾರೆ. ಸುಣ್ಣ ಹೋಯಿತು. ಕೆಳಗಿದ್ದ ಜಿಡ್ಡು ಹಿಡಿದು ಕೂತಿತು. ನಾನು ಹೋಗಿ ನೋಡಿ, “ಯಾವ ತಲೆ ಇಲ್ದೋನು ಸಾರ್ ಇದನ್ನ ನಿಮಗೆ ಹೇಳಿದ್ದು?” ಅಂದುಬಿಟ್ಟೆ.

“ನಿಮ್ಮ ಅಂಗಡಿಗೇ ಫೋನ್ ಮಾಡಿ ಕೇಳಿದ್ದು. ಓನರ್ರೇ ಎತ್ತಿದ್ರು.”

ಗಾಡಿ ತಿರುಗಿಸಿ ಅಂಗಡಿಗೆ ಬಂದೆ. ಸಿಟ್ಟಿನಲ್ಲಿ ಹೆಲ್ಮೆಟ್ ತೆಗೆಯುವುದೂ ಮರೆತು ಕೇಳಿದೆ: “ಟಾಯ್ಲೆಟ್ ಆಸಿಡ್ ಹಾಕಿ ಅಂತ ಹೇಳಿದ್ದು ನೀವಾ?”

“ನಾನೇ ಕಣಯ್ಯ. ನೀನು ಫೋನ್ ಎತ್ತಲಿಲ್ಲ, ಪಾರ್ಟಿ ಕಾಯ್ತಿದ್ರು. ಏನೋ ಒಂದು ಹೇಳ್ಬೇಕಲ್ಲ.”

“ಫಿಲ್ಟರ್ ಹೋಯ್ತು.”

“ಹೋಯ್ತಾ? ಹಂಗಾದ್ರೆ ನಿಂದು ಮೂರಾಯ್ತು.” ಅಷ್ಟಕ್ಕೇ ಬಿಡಲಿಲ್ಲ. ನಾನು ಬಾಗಿಲು ದಾಟುವಾಗ ಹಿಂದಿನಿಂದ ಹೇಳಿದರು: “ನಾನು ಹೇಳಿದ್ದು ತಪ್ಪು ಅಂತ ಅವರ ಹತ್ರ ಹೇಳೋಕೆ ಹೋಗ್ಬೇಡ. ಅಂಗಡಿ ಮೇಲಿನ ನಂಬಿಕೆ ಹೋಯ್ತದೆ.”

೪. ಕುಣಿಗಲ್‌ನ ಕೆಂಪು ನೀರು

ಕುಣಿಗಲ್ ಹತ್ತಿರದ ಒಂದು ಫಾರ್ಮ್‌ಹೌಸಿನಲ್ಲಿ ಮದುವೆ. ಹಿಂದಿನ ದಿನ ಗೆಳೆಯರು ಮದುಮಗನಿಗೆ ಅರಿಶಿನ ಬಳಿದು, ಹಾಗೇ ಎತ್ತಿ ತೊಟ್ಟಿಗೆ ಹಾಕಿದ್ದಾರೆ. ಅವನ ಹಿಂದೆ ಅವರೂ ಇಳಿದಿದ್ದಾರೆ. ಅರಿಶಿನ, ಜೊತೆಗೆ ಎಣ್ಣೆ. ಬೆಳಿಗ್ಗೆ ಮ್ಯಾನೇಜರ್ ಫೋನು ಮಾಡಿ, “ಸಂಜೆ ನಾಲ್ಕಕ್ಕೆ ನೆಂಟ್ರು ಬರ್ತಾರೆ, ತೊಟ್ಟಿ ನಡೀತಿರ್ಬೇಕು. ಇಲ್ಲಾಂದ್ರೆ ನಿಮ್ಮ ಓನರ್‌ಗೇ ಫೋನ್ ಮಾಡ್ತೀನಿ” ಅಂದರು. ನಾಲ್ಕನೇ ಫಿಲ್ಟರ್. ದಾರಿಯುದ್ದಕ್ಕೂ ನನಗೆ ಕೌಂಟರು, ನಲ್ಲಿ, ಮೇಡಂ, ಇವೇ ಕಾಣುತ್ತಿದ್ದವು.

ಫಿಲ್ಟರ್ ಹೊರಗೆ ತೆಗೆದರೆ ಜೋಳದ ತೆನೆಯ ಹಾಗೆ ಹಳದಿ. ಜಿಡ್ಡು ಇರುವುದರಿಂದ ಮೊದಲು ಸೋಡಾ. ಇದನ್ನು ಮೇಲೆಯೇ ಹೇಳಿದ್ದೇನೆ. ಬಕೆಟ್ಟಿಗೆ ನೀರು, ಸೋಡಾ ಹಾಕಿ ಫಿಲ್ಟರ್ ಮುಳುಗಿಸಿದೆ. ನೀರು ಕೆಂಪಾಯಿತು. ರಕ್ತದ ಹಾಗೆ ಕೆಂಪು. ನಾನು ಮೊದಲು ಕೈ ಎತ್ತಿ ಬೆರಳು ಎಣಿಸಿದೆ. ಹತ್ತೂ ಇದ್ದವು. ಮ್ಯಾನೇಜರ್ ಬಕೆಟ್ ನೋಡಿದವರೇ ಬ್ಯಾಂಡೇಜ್ ಪೆಟ್ಟಿಗೆ ತರಲು ಓಡಿದರು.

ಫಿಲ್ಟರ್ ಎತ್ತಿ, ತೊಳೆದು, ಬೇರೆ ಬಕೆಟ್ಟಿನಲ್ಲಿ ಆಸಿಡ್ ನೀರಿಗೆ ಹಾಕಿದೆ. ತಿರುಗಿ ಹಳದಿ. ತೊಳೆದು ಮತ್ತೆ ಸೋಡಾ. ಮತ್ತೆ ಕೆಂಪು. ಇಷ್ಟರಲ್ಲಿ ಮದುವೆ ಮನೆಯ ಹೆಂಗಸರೆಲ್ಲ ಸುತ್ತ ಸೇರಿದ್ದರು. “ಇನ್ನೊಂದ್ಸಲ ಮಾಡಣ್ಣ” ಅಂತ ಒಬ್ಬಳು ಅಂದಳು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಸರ್ಟಿಫಿಕೇಟ್ ಇರುವವನು ನಾನು, ಸರ್ಕಸ್ಸಿನವನಲ್ಲ ಅಂತ ಜೋರಾಗಿಯೇ ಹೇಳಿದೆ.

ಗುಂಪು ಸರಿಸಿಕೊಂಡು ಮದುಮಗನ ಅಜ್ಜಿ ಮುಂದೆ ಬಂದರು. ಬಗ್ಗಿ ಬಕೆಟ್ ನೋಡಿದರು.

“ಇದ್ಯಾಕ್ಲಾ ಮಗ ಹಿಂಗ್ ಬೆವರ್ತಾ ಇದೀಯ?”

“ನೀರು ಕೆಂಪಾಗ್ತಿದೆ ಅಜ್ಜಿ. ಯಾಕೆ ಅಂತ ತಿಳೀತಿಲ್ಲ. ಯಾವುದೋ ಕೆಮಿಕಲ್ ರಿಯಾಕ್ಷನ್ನು.”

“ಆರತಿ ನೀರು ಕಣಪ್ಪ. ಅರಿಸ್ನಕ್ಕೆ ಸುಣ್ಣನೋ ಸೋಡವೋ ಬಿದ್ರೆ ಕೆಂಪಾಗ್ದೆ ಇನ್ನೇನ್ ಹಸ್ರಾಗ್ತದಾ?”

ಹೆಂಗಸರೆಲ್ಲ ನಕ್ಕರು. ನನ್ನ ಮದುವೆಯಲ್ಲೂ ಇದೇ ನೀರಿನಲ್ಲಿ ಆರತಿ ಎತ್ತಿದ್ದರು. ಮಗಳು ಹುಟ್ಟಿ ಮನೆಗೆ ಬಂದಾಗಲೂ ಎತ್ತಿದ್ದರು. ಆ ಕೆಂಪು ಎಲ್ಲಿಂದ ಬರುತ್ತದೆ ಅಂತ ಇಷ್ಟು ವರ್ಷ ನಾನು ಕೇಳಿಯೇ ಇರಲಿಲ್ಲ. ಅಜ್ಜಿ ತಟ್ಟೆ ತರಿಸಿ, ನನ್ನ ಬಕೆಟ್ಟಿನಿಂದಲೇ ಒಂದು ಚೊಂಬು ಮೊಗೆದು ಸುರಿದರು.

“ಅದು ಕೆಮಿಕಲ್ಲು ಅಜ್ಜಿ, ಮುಟ್ಬೇಡಿ.”

“ನಾನ್ಯಾಕ್ ಮುಟ್ಲಿ, ತಟ್ಟೇಲೈತೆ” ಅಂದರು. ಮದುಮಗನನ್ನು ಕರೆಸಿ ನಿಲ್ಲಿಸಿದರು. ತಟ್ಟೆ ಮೂರು ಸುತ್ತು ತಿರುಗಿಸಿದರು. ಆ ನೀರಿನಲ್ಲಿ ಇದ್ದದ್ದು ಅವನದೇ ಮೈಯ ಅರಿಶಿನ, ಅವನ ನಾಲ್ಕು ಜನ ಗೆಳೆಯರ ಕೊಳೆ. ಆಮೇಲೆ ನನ್ನ ಕಡೆ ತಿರುಗಿ, “ನೀನೂ ನಿಂತ್ಕೊ. ನಿನ್ನ ಮೇಲೂ ಯಾರ್ದೋ ಕಣ್ಣು ಬಿದ್ದೈತೆ” ಅಂತ ನನಗೂ ಮೂರು ಸುತ್ತು ಇಳಿಸಿದರು. ಬ್ಯಾಂಡೇಜ್ ತಂದ ಮ್ಯಾನೇಜರ್ ಏನೂ ತಿಳಿಯದೆ ಕೈಮುಗಿದು ನಿಂತರು.

“ಈಗ ಈ ಹಳದಿ ಹೋಗೋಕೆ ಯಾವ ಕೆಮಿಕಲ್ಲು ಹಾಕ್ಲಿ ಅಜ್ಜಿ?” ಅಂತ ಕೇಳಿದೆ. ಕೇಳುವಾಗ ನನ್ನ ಮೇಲೆ ನನಗೇ ಸಿಟ್ಟು ಬಂತು.

“ಬಿಸ್ಲಿಗೆ ಹಾಕು. ಅರಿಸ್ನ ಬಿಸ್ಲಿಗೆ ನಿಲ್ಲಕಿಲ್ಲ. ಸೀರೆ ಸೆರಗಿಗೆ ಅಂಟಿದ್ದು ನಾವು ಹೆಂಗ್ ತೆಗೀತೀವಿ ಮತ್ತೆ?”

ಫಿಲ್ಟರಿನ ನಡುವಿನ ತೂತಿಗೆ ಬಿದಿರು ಗಳ ತೂರಿಸಿ ಅಂಗಳದಲ್ಲಿ ಕಟ್ಟಿದೆವು. ಅಜ್ಜಿ ಚಾಪೆ ಹಾಕಿಕೊಂಡು ಕೂತು, ಆಗಾಗ ರೊಟ್ಟಿ ಮಗುಚಿದ ಹಾಗೆ ಅದನ್ನು ತಿರುಗಿಸುತ್ತಿದ್ದರು. ಮೂರೂವರೆಗೆ ಫಿಲ್ಟರ್ ಬೆಳ್ಳಗಾಯಿತು. ನಾಲ್ಕಕ್ಕೆ ತೊಟ್ಟಿ ನಡೆಯಿತು. ನಾಲ್ಕನೆಯದು ಉಳಿಯಿತು.

ಅಂಗಡಿಯಲ್ಲಿ ಓನರ್ರು ಕೇಳಿದರು: “ಭಲೇ. ಯಾವ ಲಿಕ್ವಿಡ್ಡು?”

“ಬಿಸಿಲು ಸಾರ್.”

“ಎಷ್ಟು ಲೀಟರ್ ಕ್ಯಾನಲ್ಲಿ ಬರ್ತದೆ?”

ಅದಾದ ಮೇಲೆ ಆರೂ ಪಾರ್ಟಿಗಳಿಗೆ ನಾನೇ ಫೋನು ಮಾಡಿ, ತೊಳೆದ ಫಿಲ್ಟರನ್ನು ಬಿಸಿಲಿಗೆ ಇಡಿ ಅಂತ ಹೇಳಿದ್ದೇನೆ. ಈಗ ಇದನ್ನು ಓದಿದ ನೀವು ಬಿಸಿಲೊಂದೇ ಸಾಕು ಅಂದುಕೊಳ್ಳಬಾರದು, ಅದಕ್ಕೇ ಕೊನೆಯದಾಗಿ ಒಂದು ಮಾತು ವಿವರಿಸಿಬಿಡುತ್ತೇನೆ. ಬಿಸಿಲು ಬಣ್ಣ ತೆಗೆಯುತ್ತದೆಯೇ ಹೊರತು ಜಿಡ್ಡನ್ನೂ ಸುಣ್ಣವನ್ನೂ ತೆಗೆಯುವುದಿಲ್ಲ. ಆದ್ದರಿಂದ ಬಿಸಿಲಿಗೆ ಇಡುವ ಮೊದಲು ಎರಡು ವಿಷಯ ನೋಡಿಕೊಳ್ಳಬೇಕು. ಒಂದು, ಸೋಡಾ ಪೂರ್ತಿ ಹೋಗಿದೆಯೇ ಅಂತ. ಎರಡನೆಯದು ಇದಕ್ಕಿಂತ ಮುಖ್ಯ, ಏನೆಂದರೆ

ಕೌಂಟರಿನಿಂದ ಓನರ್ರು ಕೂಗುತ್ತಿದ್ದಾರೆ. “ಏನಯ್ಯಾ, ಬರ್ದಿದ್ದು ಸಾಕು, ಬಾ ಇಲ್ಲಿ. ಗುಬ್ಬಿ ಹೋಮ್‌ಸ್ಟೇ ಅಕ್ಕ ಫೋನ್ ಮಾಡವ್ರೆ. ನೀನು ಹೇಳ್ದಂಗೆ ಫಿಲ್ಟರ್‌ನ ಸಂಡಿಗೆ ಪಕ್ಕ ಬಿಸಿಲಿಗೆ ಇಟ್ಟಿದ್ರಂತೆ. ಕೋತಿ ಬಂದಿದ್ವಂತೆ. ಸಂಡಿಗೆ ಹಂಗೇ ಐತಂತೆ.”