ಚೀನಾ ಚನ್ನೇಶನ ತಪಾಸಣೆ

ಎಲ್ಲಕ್ಕೂ ಮೂಲ ಅಕ್ಕನಾಗಮ್ಮನ ಟಾರ್ಚು. ಎರಡು ವರ್ಷದ ಹಿಂದೆ ಅದರ ಸ್ವಿಚ್ಚಿಗೆ ಸಿಕ್ಕಿದ್ದ ಕಸವನ್ನು ಪಕ್ಕದ ಮನೆಯ ಚನ್ನೇಶ್ ಊದಿ ತೆಗೆದುಕೊಟ್ಟ. ಅಂದಿನಿಂದ ಶಿಕಾರಿಪುರದ ಆ ಬೀದಿಯ ಕೆಟ್ಟ ಚೀನಾ ಮಾಲೆಲ್ಲ ಅವನ ಜಗಲಿಗೇ ಬಂದು ಬೀಳತೊಡಗಿತು.

ಅವನೇನು ರಿಪೇರಿಯವನಲ್ಲ. ಹನ್ನೊಂದು ವರ್ಷ ಚೀನಾದಲ್ಲಿದ್ದು, ಯಾವ ಕಾರ್ಖಾನೆಯ ಮಾಲು ಗಟ್ಟಿ, ಬಿಡಿಭಾಗ ಎಲ್ಲಿಂದ ಬರುತ್ತದೆ, ಹಡಗು ಹೊತ್ತಿಗೆ ಹೊರಡುತ್ತದೋ ಇಲ್ಲವೋ ಎಂದು ಇಲ್ಲಿನ ಕಂಪನಿಗಳಿಗೆ ಹೇಳುತ್ತಿದ್ದ ಸಲಹೆಗಾರ. ಈಗ ಅದೇ ಕೆಲಸ ಮನೆಯಿಂದ, ಫೋನಿನಲ್ಲಿ. ದಿನವಿಡೀ ಚೀನೀ ಭಾಷೆ ಮಾತಾಡಿ ಫೋನ್ ಇಟ್ಟರೆ, ಕನ್ನಡದಲ್ಲಿ ಮಾತಾಡಲು ಮನೆಯಲ್ಲಿ ಯಾರೂ ಇಲ್ಲ. ನಲವತ್ತೊಂದು ವಯಸ್ಸು, ಒಂದು ತಟ್ಟೆ, ಒಂದು ಲೋಟ. ಬಂದವರು ಮಿಕ್ಸಿ ಇಟ್ಟು ಹೋಗುತ್ತಿದ್ದರೇ ಹೊರತು ಕೂರುತ್ತಿರಲಿಲ್ಲ. ಅದು ಅವನಿಗೆ ನಿಜಕ್ಕೂ ನೋವು.

ಹೊಸಬಾಳೆಯ ಸದಾಶಿವಪ್ಪ ತನ್ನ ಮಗಳು ಗಂಗಾಶ್ರೀಗೆ ವರ ನೋಡಲು ಈ ಭಾನುವಾರ ಬರಬಹುದು ಎಂದು ದಲ್ಲಾಳಿ ರಾಜಪ್ಪ ಹೇಳಿದ್ದ. ಚನ್ನೇಶ್ ಬೆಳಿಗ್ಗೆಯೇ ಜಗಲಿಯ ಸಾಮಾನನ್ನೆಲ್ಲ ಮಂಚದಡಿ ತುರುಕಿ ಪಾಯಸ ಮಾಡಿಟ್ಟ. ಅಷ್ಟರಲ್ಲಿ ಅಕ್ಕನಾಗಮ್ಮ ಬಂದಳು.

"ಚನ್ನೇಶ, ಈ ಸೊಳ್ಳೆ ಬ್ಯಾಟು ಸೊಳ್ಳೆ ಬಿಟ್ಟು ನಂಗೇ ಹೊಡೀತೈತಿ ನೋಡು."

"ಇವತ್ತೊಂದಿನ ಬಿಡ್ರಿ ಅಕ್ಕಾ. ಹೆಣ್ಣಿನ ಕಡೆಯೋರು ಬರ್ತಾರೆ."

"ಹೌದಾ? ಹಂಗಾರೆ ನಾನೂ ಕುಂತಿರ್ತೀನಿ," ಎಂದು ಆಕೆ ತನ್ನ ಮನೆಯಿಂದ ಕುರ್ಚಿ ತಂದು ಬಾಗಿಲಲ್ಲೇ ಹಾಕಿಕೊಂಡಳು.

ಹನ್ನೊಂದಕ್ಕೆ ಬಿಳಿ ಪಂಚೆಯ ಹಿರಿಯರೊಬ್ಬರು ಬಂದರು. ಬೆನ್ನ ಮೇಲೆ ಬೆಳೆಗೆ ಔಷಧಿ ಹೊಡೆಯುವ ಸ್ಪ್ರೇಯರ್.

"ನಾನು ಹೊಸಬಾಳೆ ಸದಾಶಿವಪ್ಪ. ಇದೊಂದು ಕೆಟ್ಟೋಗಿದೆ, ನೋಡ್ತೀಯಾ ತಮ್ಮಾ?"

ಚನ್ನೇಶ್ ಒಳಗೊಳಗೇ ನಕ್ಕ. ನೆಪ ಹೇಳಿಕೊಂಡು ಕಾರ್ಖಾನೆಗೆ ನುಗ್ಗಿ, ಕಾವಲುಗಾರನ ಜೊತೆ ಟೀ ಕುಡಿದು ಒಳಗಿನ ಗುಟ್ಟು ತಿಳಿಯುವ ವಿದ್ಯೆಯಲ್ಲಿ ಪಳಗಿದವನು ಅವನು. ಇವರೂ ಸ್ಪ್ರೇಯರಿನ ನೆಪದಲ್ಲಿ ಹುಡುಗನ ತಾಳ್ಮೆ ನೋಡಲು ಬಂದಿದ್ದಾರೆ! ತಕ್ಷಣ ಸ್ಕ್ರೂಡ್ರೈವರ್ ಹಿಡಿದು ಕೂತ.

ಮೊದಲ ತಿರುವಿಗೇ ನಾತದ ನೀರು ಹೊಸ ಶರ್ಟಿಗೆ ಚಿಮ್ಮಿತು. ಚನ್ನೇಶ್ ನಗುನಗುತ್ತಲೇ ಮುಖ ಒರೆಸಿಕೊಂಡ.

"ನಮ್ ಬೀದಿ ಮಿಕ್ಸಿ, ಟಾರ್ಚು ಎಲ್ಲ ಇವನ ಕೈಯಾಗೇ ಬದುಕಿರೋದು ಕಣ್ರೀ!" ಎಂದು ಅಕ್ಕನಾಗಮ್ಮ ಸಾಕ್ಷಿಗೆ ಮಂಚದಡಿಯ ಸಾಮಾನನ್ನೆಲ್ಲ ಹೊರಗೆಳೆದಳು. ಚನ್ನೇಶನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸದಾಶಿವಪ್ಪನವರ ಮುಖ ಮಾತ್ರ ಅರಳಿತು.

ರಿಪೇರಿಗೆ ಎರಡು ತಾಸು ಹಿಡಿಯಿತು. ಚನ್ನೇಶ್ ಇದ್ದ ಒಂದು ತಟ್ಟೆಯಲ್ಲಿ ಅತಿಥಿಗೆ ಪಾಯಸ ಬಡಿಸಿ, ತಾನು ಪಾತ್ರೆಯ ಮುಚ್ಚಳದಲ್ಲಿ ಹಾಕಿಕೊಂಡ. ಆ ಮನೆಯಲ್ಲಿ ಇಬ್ಬರು ಕೂತು ಉಂಡದ್ದು ಅದೇ ಮೊದಲು.

"ಮಾತಾಡೋಕೆ ಯಾರೂ ಇಲ್ಲ ಅನ್ನೋದೇ ಕಷ್ಟ ನೋಡ್ರಿ," ಎಂದುಬಿಟ್ಟ.

"ಮನೇಲಿ ಯಾರಾದ್ರೂ ಬೇಕು ತಮ್ಮಾ," ಎಂದು ಹಿರಿಯರು ಬೆನ್ನು ಸವರಿ, ಚೀಲದಿಂದ ಲಗ್ನಪತ್ರಿಕೆ ತೆಗೆದರು. ಗಂಗಾಶ್ರೀಯ ಹೆಸರಿನ ಪಕ್ಕ ಯಾರೋ ಹರ್ಷವರ್ಧನನ ಹೆಸರಿತ್ತು.

"ನೆಂಟರ ಕಡೆಯಿಂದ ಹೋದ ತಿಂಗಳೇ ಗಟ್ಟಿಯಾತು. ರಾಜಪ್ಪನಿಗಿನ್ನೂ ಗೊತ್ತಾಗಿಲ್ವಾ?"

"ಮತ್ತೆ ಈ ಸ್ಪ್ರೇಯರ್?"

"ಕೆಟ್ಟಿತ್ತಲ್ಲ ಮಾರಾಯ! ನೀನು ಚೀನಾದಲ್ಲಿದ್ದೋನು ಅಂತ ರಾಜಪ್ಪ ಅಂದಿದ್ದು ನೆನಪಾತು. ಮದುವೆ ಹಿಂದಿನ ದಿನವೇ ಬಂದುಬಿಡು. ಸೀರಿಯಲ್ ಲೈಟು, ಮೈಕು, ಜನರೇಟರು ಎಲ್ಲ ಚೀನಾದ್ದೇ. ಸ್ಕ್ರೂಡ್ರೈವರ್ ಮರೀಬೇಡ."

ಅವರು ಹೋದರು. ಅಕ್ಕನಾಗಮ್ಮ ಬ್ಯಾಟು ಚಾಚಿದಳು.

"ಹೆಂಗೂ ಕೈಯಾಗೆ ಸ್ಕ್ರೂಡ್ರೈವರ್ ಐತಿ, ಇದನ್ನೂ ನೋಡಿಬಿಡು."

ಚನ್ನೇಶ್ ಬ್ಯಾಟು ಇಸಕೊಂಡ. "ಕುಂತ್ಕೊಳ್ರಿ ಅಕ್ಕಾ. ಪಾಯಸ ಉಳಿದೈತಿ."

"ಅಯ್ಯೋ, ಇನ್ನೇನೈತಿ ನೋಡೋಕೆ ಇಲ್ಲಿ! ಸಂಜಿಗೆ ಬಂದು ತಗಂಡು ಹೋಗ್ತೀನಿ," ಎಂದು ಆಕೆ ತನ್ನ ಕುರ್ಚಿಯನ್ನೂ ಎತ್ತಿಕೊಂಡು ಹೊರಟಳು.