ತಿಂದು ಮುಗಿದ ವರ್ಣಮಾಲೆ

ಗ್ರಹಚಾರ ಶುರುವಾದದ್ದು ‘ಳ’ ಅಕ್ಷರದಿಂದ.

ಮರಳೂರಿನ ನಯೀಮನ ಬೇಕರಿ ಎದುರು ಗಾಜಿನ ಬಾಗಿಲಿನ ದೊಡ್ಡ ಬೇಕರಿ ತೆರೆದ ಮೇಲೆ ಇವನ ಬನ್ನಿಗೆ ನೊಣ ಬಿಟ್ಟರೆ ಗಿರಾಕಿ ಇರಲಿಲ್ಲ. ಅಷ್ಟರಲ್ಲಿ ತುಮಕೂರಿನ ಡಿಸೈನ್ ಕಾಲೇಜೊಂದು ತಿನ್ನಬಹುದಾದ ಅಕ್ಷರಗಳ ಸ್ಪರ್ಧೆ ಇಟ್ಟಿತು. ಗೆದ್ದವರಿಗೆ ಕಾಲೇಜಿನ ಪ್ರದರ್ಶನದ ಆರ್ಡರ್! ಸ್ಪರ್ಧೆಯ ದಿನ ನಯೀಮ್ ಬೆಳಗ್ಗೆಯೇ ಮೈದಾ, ಬೆಣ್ಣೆ, ಸಕ್ಕರೆ ಕಲಸಿ, ಇಡೀ ವರ್ಣಮಾಲೆಯ ಬಿಸ್ಕತ್ತುಗಳನ್ನು ಬಟರ್ ಪೇಪರಿನ ಮೇಲೆ ಜೋಡಿಸಿ ಬೇಯಿಸಿದ. ಆರಲಿ ಎಂದು ಟ್ರೇಯನ್ನು ಗಲ್ಲಾ ಪಕ್ಕ ಇಟ್ಟದ್ದೇ ತಪ್ಪಾಯಿತು.

ಟೀಗೆ ಬಂದ ರಿಟೈರ್ಡ್ ಕನ್ನಡ ಮೇಷ್ಟ್ರು ಪರಮಶಿವಯ್ಯ ಕನ್ನಡಕ ಏರಿಸಿದರು.

“ಏನ್ಲಾ ನಯೀಮು, ಇದು ಳ-ನಾ? ಉಬ್ಬಿ ಜಿಲೇಬಿ ಆಗೈತೆ ಕಣೋ! ತಪ್ಪಕ್ಷರ ಜನದ ಕಣ್ಣಿಗೆ ಬೀಳಬಾರ್ದು.”

ಹಾಗೆಂದು ಅದನ್ನು ಟೀಯಲ್ಲಿ ಅದ್ದಿ ಬಾಯಿಗಿಟ್ಟರು. ಸರ್ವಿಸಿನುದ್ದಕ್ಕೂ ಕೆಂಪು ಇಂಕಿನಲ್ಲಿ ತಿದ್ದಿದವರು ಈಗ ಹಲ್ಲಿನಲ್ಲಿ ತಿದ್ದತೊಡಗಿದರು. ಸೊಂಟ ಡೊಂಕಾದ ಋ ಹೋಯಿತು, ಹೊಟ್ಟೆ ಬಂದ ಠ ಹೋಯಿತು, ಬಾಲ ಮುರಿದ ಣ ಹೋಯಿತು. ಅವರ ಕೈಯಲ್ಲೇ ಕಾಗುಣಿತ ಕಲಿತ ನಯೀಮ್ ಟ್ರೇಯನ್ನು ಮೆಲ್ಲಗೆ ಅತ್ತ ಸರಿಸಿದನಷ್ಟೆ.

ಪಕ್ಕದ ಟೈಲರ್ ಗಂಗಣ್ಣ ಬಂದ. “ನನ್ನ ಹೆಸರಿನ ಅಕ್ಷರ ನಾನ್ ತಿನ್ನಬಾರ್ದಾ?” ಎಂದು ಗ ಎತ್ತಿದ. ಆಟೋ ಕಾಂತೇಶ್ ಕ ಎತ್ತಿದ. ಸುದ್ದಿ ಬೀದಿಗೆಲ್ಲ ಹಬ್ಬಿ, ಹಾಲಿನ ಶಾಂತಲಮ್ಮ ಮೊಮ್ಮಕ್ಕಳ ಅಕ್ಷರಗಳನ್ನೂ ಸೆರಗಿಗೆ ಕಟ್ಟಿಕೊಂಡರು. ಪಫ್ಸ್ ತೆಗೆಯಲು ಒಳಗೆ ಹೋಗಿದ್ದ ನಯೀಮ್ ಬಂದು ನೋಡಿದರೆ ಉಳಿದದ್ದು ಎರಡೇ: ಙ ಮತ್ತು ಞ. ಆ ಅಕ್ಷರದ ಹೆಸರಿನವರು ಮರಳೂರಿನಲ್ಲಿ ಯಾರೂ ಇರಲಿಲ್ಲ.

ಮತ್ತೆ ಬೇಯಿಸೋಣವೆಂದರೆ ಕರೆಂಟು ಹೋಗಿತ್ತು.

“ಹೆಸರು ಕೊಟ್ಟಿದೀರಲ್ಲ, ಹೋಗಿ ಬನ್ನಿ,” ಎಂದಳು ಹೆಂಡತಿ ಶಾಹೀನ್. “ಹೋಗ್ಲಿಲ್ಲ ಅಂದ್ರೆ ಎದುರು ಬೇಕರಿಯೋರು ಹಲ್ಲು ಬಿಡ್ತಾರೆ.”

ಟ್ರೇಗೆ ಬಟ್ಟೆ ಮುಚ್ಚಿ ಕಾಂತೇಶನ ಆಟೋ ಹತ್ತಿದರೆ ಮೇಷ್ಟ್ರೂ ಹತ್ತಿದರು. “ಅಲ್ಲಿ ವ್ಯಾಕರಣ ಕೇಳಿದ್ರೆ ಏನ್ ಹೇಳ್ತೀಯ?” ದಾರಿಯಲ್ಲೊಂದು ಹಂಪು ಸಿಕ್ಕಿತು. ಙ, ಞ ಎರಡೂ ಚೂರಾದವು. “ಒಡೆದಿದ್ದನ್ನ ಯಾರಿಗ್ ತೋರಿಸ್ತೀಯ, ಬುಡು,” ಎಂದು ಮೇಷ್ಟ್ರು ಆ ಚೂರುಗಳನ್ನೂ ಸ್ವಾಹಾ ಮಾಡಿದರು.

ಕಾಲೇಜಿನಲ್ಲಿ ತೀರ್ಪುಗಾರ್ತಿ ದೀಪಿಕಾ ಮೇಡಂ ಬಟ್ಟೆ ಸರಿಸಿದರು. ನಯೀಮ್ ಕಣ್ಣು ಮುಚ್ಚಿಕೊಂಡ.

“ಅದ್ಭುತ!”

ಕಣ್ಣು ಬಿಟ್ಟು ನೋಡಿದ. ಓವನ್ ಶಾಖಕ್ಕೆ ಟ್ರೇಯಲ್ಲಿದ್ದ ಬಟರ್ ಪೇಪರೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಬಿಸ್ಕತ್ತು ಕೂತಿದ್ದ ಜಾಗ ಮಾತ್ರ ಬೆಳ್ಳಗೆ ಉಳಿದು, ಅ-ದಿಂದ ಳ-ವರೆಗೆ ಅಚ್ಚು ಹಾಕಿದಂತೆ ಕಾಣುತ್ತಿತ್ತು.

“ತಿಂದ ಮೇಲೂ ಅಕ್ಷರ ಉಳಿಯುತ್ತೆ ಅನ್ನೋ ಐಡಿಯಾ ಯಾರಿಗೂ ಹೊಳೆದಿರ್ಲಿಲ್ಲ. ಫಸ್ಟ್ ಪ್ರೈಜ್ ನಿಮ್ಗೇ!”

ನಯೀಮನ ಕಣ್ಣಲ್ಲಿ ನೀರು ಬಂತು. “ಆರ್ಡರು, ಮೇಡಂ?”

“ಕೊಟ್ಟಾಯ್ತು. ಪ್ರದರ್ಶನಕ್ಕೆ ಇಂಥವೇ ಹತ್ತು ಪೇಪರ್ ತನ್ನಿ. ಪೇಪರಿನ ರೇಟ್ ಕೊಡ್ತೀವಿ.”

“ಬಿಸ್ಕತ್ತು?”

“ಬೇಡಪ್ಪ, ಇರುವೆ ಬರ್ತವೆ.”

“ಬಿಸ್ಕತ್ತು ಬೇಯಿಸ್ದೆ ಪೇಪರ್ ಹೆಂಗ್ ಆಗುತ್ತೆ ಮೇಡಂ? ಅಷ್ಟೊಂದು ಬಿಸ್ಕತ್ತು ನಾನೇನ್ ಮಾಡ್ಲಿ?” ಎಂದು ನಯೀಮ್ ಅಳುವಂತಾದ.

ಹಿಂದೆ ನಿಂತಿದ್ದ ಮೇಷ್ಟ್ರು ಆಗಲೇ ಫೋನಿನಲ್ಲಿದ್ದರು.

“ಗಂಗಣ್ಣ, ನಮ್ಮ ನಯೀಮು ಗೆದ್ದ ಕಣೋ! ಇನ್ನೂ ಹತ್ತು ಟ್ರೇ ಐತಂತೆ. ಬೀದೀಲಿ ಎಲ್ರಿಗೂ ಹೇಳ್ಬುಡು.”